ಬರಿಮೈ ಕಾರು

ನಮ್ಮೂರಿನಲ್ಲಿ ಕಾರಿಗೆ ಏನನ್ನು ಕೂರಿಸಿದರೂ ಮೂರನೇ ಸಂಜೆಗೆ ಅದು ಮೈಗೂಡುತ್ತದೆ. ಹೊತ್ತು ಮುಳುಗುವವರೆಗೆ ಸ್ಪ್ಯಾನರಿಗೆ ಬಗ್ಗುವ ಬೋಲ್ಟು ಆಮೇಲೆ ಬಗ್ಗುವುದಿಲ್ಲ. ಸ್ವಲ್ಪ ಹೊತ್ತಿಗೆ ಬೋಲ್ಟಿನ ತಲೆಯೂ ಕಾಣುವುದಿಲ್ಲ. ತಗಡು ತಗಡಿನೊಳಗೆ ಇಳಿದು ಒಂದಾಗಿರುತ್ತದೆ. ಗಡಿಯಾರದ ಅಂಗಡಿಯ ಪದ್ಮನಾಭಯ್ಯ ಕಾರಿನ ಬೆನ್ನಿಗೆ ಎಂದೋ ಕೂರಿಸಿದ್ದ ತಗಡಿನ ರೆಕ್ಕೆಯನ್ನು ಬೇಡವೆನಿಸಿ ಗರಗಸದಿಂದ ಕೊಯ್ಯಲು ಹೋದರು. ಅರ್ಧ ಕೊಯ್ದು ಬಿಟ್ಟರು. ಆ ಕಾರು ಮತ್ತೆ ಸ್ಟಾರ್ಟ್ ಆಗಲಿಲ್ಲ. ಈಗ ಅದರ ಸೀಟಿನ ಮೇಲೆ ಕೋಳಿಗಳು ಮೊಟ್ಟೆಯಿಡುತ್ತವೆ.

ನನ್ನ ಗಂಡ ಚಿದಂಬರ ಅವರ ಕೆಂಪು ಕಾರಿನ ಮೈಮೇಲೆ ಏನೂ ಇರಲಿಲ್ಲ. ಲಾರಿಯಿಂದ ಇಳಿದ ದಿನ ಹೇಗಿತ್ತೋ ಒಂಬತ್ತು ವರ್ಷದ ಮೇಲೂ ಹಾಗೇ ಇತ್ತು. ಇಡೀ ಊರಿಗೆ ಅಂಥದ್ದು ಅದೊಂದೇ. ಅದು ಹೇಗೆ ಹಾಗೆ ಉಳಿಯಿತು ಎಂಬುದಕ್ಕೆ ಊರಿನವರು ಹೇಳುವ ಕಾರಣ ಬೇರೆ. ಅದನ್ನು ಈಗ ಕಲ್ಲಿನಲ್ಲೂ ಕೆತ್ತಿಸಿದ್ದಾರೆ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ಊರಿನಲ್ಲಿರುವುದೆಲ್ಲ ಎರಡು ಸೀಟಿನ ಓಟದ ಕಾರುಗಳು. ವರ್ಷಕ್ಕೊಮ್ಮೆ ಆರೋ ಏಳೋ ಬರುತ್ತವೆ. ದಿಬ್ಬಣ ಹೊರಟರೆ ಐವತ್ತು ಕಾರು ಬೇಕು. ಅಕ್ಕಿಮೂಟೆಯನ್ನು ಪಕ್ಕದ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕುತ್ತಾರೆ. ಮೂವರಿರುವ ಮನೆಯಲ್ಲಿ ಯಾವಾಗಲೂ ಒಬ್ಬರು ಹಿಂದೆ ಉಳಿಯುತ್ತಾರೆ. ದೊಡ್ಡ ರಸ್ತೆ ಒಂದೇ; ಅದು ಊರನ್ನು ಸುತ್ತಿ ಹೊರಟಲ್ಲಿಗೇ ಬರುತ್ತದೆ. ಸಂಜೆ ಎಲ್ಲರೂ ಅದರ ಮೇಲೆ ಎರಡು ಸುತ್ತು ಹೋಗಿ, ಬೇರೆಯವರ ಕಾರು ನೋಡಿ, ತಮ್ಮದನ್ನು ತೋರಿಸಿ ಮನೆಗೆ ಬರುತ್ತಾರೆ.

ಕಾರು ನೋಡಿದರೆ ಯಜಮಾನರ ವಯಸ್ಸು ಹೇಳಬಹುದು. ಬೆನ್ನ ಮೇಲೆ ಮಂಚದಷ್ಟು ಅಗಲದ ರೆಕ್ಕೆಯಿದ್ದರೆ ಅವರಿಗೆ ಮೊಮ್ಮಕ್ಕಳಾಗಿರುತ್ತವೆ. ಹೆಡ್‌ಲೈಟಿನ ಮೇಲೆ ಕಪ್ಪು ರೆಪ್ಪೆಯಿದ್ದರೆ ಈಚೆಗೆ ರಿಟೈರಾಗಿರುತ್ತಾರೆ. ಆಮೇಲೆ ಚಕ್ರಗಳು ಅಗಲವಾಗಿ ಒಳಕ್ಕೆ ವಾಲಿದ ಕಾಲ ಬಂತು. ಸೈಲೆನ್ಸರ್ ದಪ್ಪವಾಗಿ ಊರೆಲ್ಲ ಕೂಗಿಕೂಗಿ ಮಾತಾಡಿದ ಕಾಲವೂ ಒಂದಿತ್ತು. ಆಯಾ ಕಾಲಕ್ಕೆ ಇದಕ್ಕಿಂತ ಚೆಂದದ್ದು ಇನ್ನಿರಲಾರದು ಅನ್ನಿಸುತ್ತಿತ್ತಂತೆ. ಹೊಸದು ಬಂದಾಗ ಹಳೆಯದನ್ನು ತೆಗೆಯುವಂತಿಲ್ಲ. ಪಕ್ಕದಲ್ಲಿ ಜಾಗ ಮಾಡಿಕೊಂಡು ಅದನ್ನೂ ಕೂರಿಸುತ್ತಿದ್ದರು.

ಇದರಿಂದಾಗಿ ಒಂದು ಪದ್ಧತಿ ಬೆಳೆದಿತ್ತು. ಏನಾದರೂ ಕೂರಿಸಿದರೆ ಮೂರನೇ ಸಂಜೆ ಮನೆಯವರನ್ನು ಹೊರಗೆ ಕರೆಯುತ್ತಾರೆ. ಗಂಡನಾದರೆ ಹೆಂಡತಿಯನ್ನು, ಹೆಂಡತಿಯಾದರೆ ಗಂಡನನ್ನು. ಕರೆದವರು ಸ್ಪ್ಯಾನರ್ ಹಿಡಿದು ನಿಂತಿರುತ್ತಾರೆ. ಬಂದವರು ಒಂದು ಸುತ್ತು ಹಾಕಿ ಹೂಂ ಅಥವಾ ಬೇಡ ಅನ್ನಬೇಕು. ಬೇಡ ಅಂದರೆ ಹೊತ್ತು ಮುಳುಗುವ ಮೊದಲೇ ಬಿಚ್ಚುತ್ತಾರೆ. ಮನೆಯವರು ಬೇಡ ಅಂದದ್ದನ್ನು ಉಳಿಸಿಕೊಂಡವರನ್ನು ನಾನು ನೋಡಿಲ್ಲ. ಹೆಚ್ಚಿನವರು ಹೂಂ ಅಂದುಬಿಡುತ್ತಾರೆ, ಅದು ಬೇರೆ ಮಾತು.

ನಾನು ಹೊರಗಿನವಳು. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಚಿತ್ರಕಲೆಯ ಇತಿಹಾಸ ಓದಿ ಈ ಊರಿಗೆ ಸೊಸೆಯಾಗಿ ಬಂದೆ. ಮದುವೆಯಾದ ಎರಡನೇ ತಿಂಗಳು ಚಿದಂಬರ ಒಂದು ರೆಕ್ಕೆ ತಂದರು. ರೆಕ್ಕೆಯ ಕಾಲ ಮುಗಿದು ಇಪ್ಪತ್ತು ವರ್ಷವಾಗಿತ್ತು. ಅವರಿಗೆ ಚಿಕ್ಕಂದಿನಿಂದ ಆಸೆಯಂತೆ. ಮೂರನೇ ಸಂಜೆ ಅತ್ತೆಯನ್ನೂ ನನ್ನನ್ನೂ ಕರೆದರು. ಅತ್ತೆ ಕೈಯಲ್ಲಿ ಮೊರ ಹಿಡಿದೇ ಬಂದರು.

"ಏನೋ ಇದು, ಇಸ್ತ್ರಿ ಮೇಜು ತಂದು ಡಿಕ್ಕಿ ಮೇಲೆ ಇಟ್ಟಿದ್ದೀಯಲ್ಲ?"

"ಇಸ್ತ್ರಿ ಮೇಜಲ್ಲ ಕಣಮ್ಮ, ರೆಕ್ಕೆ. ಜೋರಾಗಿ ಹೋಗುವಾಗ ಕಾರನ್ನ ನೆಲಕ್ಕೆ ಒತ್ತಿ ಹಿಡಿಯುತ್ತೆ."

"ನೀನು ಓಡಿಸೋ ಸ್ಪೀಡಿಗೆ ಕಾರು ಹಾರಿಹೋಗುತ್ತೆ ಅಂತ ಭಯಾನಾ? ಮೊನ್ನೆ ಆ ಹಾಲಿನವನು ಸೈಕಲ್ಲಲ್ಲೇ ನಿನ್ನ ಹಿಂದೆ ಹಾಕಿದನಂತಲ್ಲ."

ಚಿದಂಬರ ನಕ್ಕರು. ತಮ್ಮ ಬಗ್ಗೆ ಯಾರು ಏನು ಹಾಸ್ಯ ಮಾಡಿದರೂ ಮೊದಲು ನಗುವವರು ಅವರೇ. ನನ್ನ ಕಡೆ ತಿರುಗಿ, "ಅಮ್ಮನ್ನ ಬಿಡು ವಾರಿಜಾ. ನೀನು ಓದಿದವಳು. ಹೇಗಿದೆ, ಹೇಳು" ಅಂದರು.

ನಾನು ಒಂದು ಸುತ್ತು ಹಾಕಿದೆ. ಹೆಡ್‌ಲೈಟಿನಿಂದ ಒಂದು ಗೆರೆ ಹೊರಟು ಬೆನ್ನಿನ ಮೇಲೆ ಹಾದು ಹಿಂದೆ ಇಳಿಯುತ್ತದೆ, ಈ ಕಾರಿನಲ್ಲಿ ಚೆಂದವೆಂಬುದು ಇರುವುದೇ ಅದರಲ್ಲಿ, ರೆಕ್ಕೆ ಅದನ್ನು ಕತ್ತರಿಸುತ್ತದೆ ಎಂದು ವಿವರಿಸಿದೆ. ಅವರು ಮಂಡಿಯೂರಿ ಕೂತು ನಾನು ತೋರಿಸಿದ ಕಡೆ ನೋಡಿದರು. "ಹೌದಲ್ವಾ" ಅಂದರು. ನಾಲ್ಕು ಬೋಲ್ಟು ಬಿಚ್ಚಿ ರೆಕ್ಕೆಯನ್ನು ಕಂಕುಳಲ್ಲಿ ಹಿಡಿದುಕೊಂಡು ಗ್ಯಾರೇಜಿಗೆ ವಾಪಸು ಕೊಡಲು ಹೋದರು. ನನಗೆ ಅವತ್ತು ಹೆಮ್ಮೆಯಾಯಿತು. ನಾನು ಹೇಳಿದ್ದನ್ನು ಅರ್ಥ ಮಾಡಿಕೊಳ್ಳುವ ಗಂಡ ಸಿಕ್ಕಿದ್ದಾರೆ ಎಂದುಕೊಂಡೆ.

ನಾಲ್ಕು ವರ್ಷದಲ್ಲಿ ಹನ್ನೊಂದು ಸಲ ಕರೆದರು. ಹನ್ನೊಂದು ಸಲವೂ ಬೇಡ ಅಂದೆ. ಪ್ರತಿ ಸಲವೂ ನನ್ನ ಬಳಿ ಕಾರಣವಿತ್ತು, ಒಂದೂ ಸುಳ್ಳಲ್ಲ. ರೆಪ್ಪೆ ಇಟ್ಟಾಗ ಕಾರು ನಿದ್ದೆಗಣ್ಣಲ್ಲಿ ಇದ್ದಂತಿದೆ ಅಂದೆ. ಬಾನೆಟ್ಟಿಗೆ ಗಾಳಿ ಎಳೆಯುವ ಮೂಗಿನ ಹೊಳ್ಳೆ ಕೂರಿಸಿದಾಗ ಏನೂ ಅನ್ನದೆ ಒಳಗೆ ಬಂದುಬಿಟ್ಟೆ, ಅವರೇ ಬಿಚ್ಚಿದರು. ಒಂದು ಸಲ ಸ್ಪ್ಯಾನರನ್ನು ಕೈಯಿಂದ ಕೈಗೆ ಬದಲಿಸುತ್ತ, "ಒಂದು ಸಲ ಸುಮ್ಮನೆ ಹೂಂ ಅನ್ನಬಾರದಾ?" ಎಂದು ಕೇಳಿದರು. "ದಿನಾ ನೋಡೋಳು ನಾನೂ ಅಲ್ವಾ ರೀ?" ಅಂದೆ. "ಅದೂ ನಿಜವೇ" ಅಂದು ನಕ್ಕರು. ಹನ್ನೊಂದನೆಯದು ಕಿತ್ತಳೆ ಬಣ್ಣದ ಎರಡು ಪಟ್ಟಿ. ಅದಕ್ಕೆ ನಾನು ಬಾಗಿಲಿನಿಂದಲೇ ಕೈ ಆಡಿಸಿದೆ.

ಅದಾದ ಮೇಲೆ ಅವರು ಕರೆಯಲಿಲ್ಲ. ಐದು ವರ್ಷ ಒಂದನ್ನೂ ತರಲಿಲ್ಲ. ಅವರ ಕಣ್ಣು ಪಳಗಿತು ಎಂದುಕೊಂಡೆ.

ಹೊರಗೆ ಅವರಿಗೆ ಬೇರೆ ಹೆಸರಿತ್ತು. ಅವರದು ಬೋಳು ಕಾರು. ಅವರೂ ಬೋಳು ಚಿದಂಬರ. ತಲೆಯಲ್ಲಿ ಅಷ್ಟು ಕೂದಲಿದ್ದರೂ ಹಾಗೇ ಕರೆಯುತ್ತಿದ್ದರು. ಸಂಜೆಯ ಸುತ್ತಿನಲ್ಲಿ ಯಾರಾದರೂ ಪಕ್ಕಕ್ಕೆ ಬಂದು, "ಏನು ಚಿದಂಬರ, ಮದುವೆಗಂಡಿನ ಕಾರಿಗೆ ಇನ್ನೂ ಬಟ್ಟೆ ಹೊಲಿಸಿಲ್ಲವಾ?" ಅಂದರೆ, "ನನಗೇ ಇಷ್ಟವಿಲ್ಲ ಸಾರ್" ಅನ್ನುತ್ತಿದ್ದರು. ಹೆಂಡತಿ ಬೇಡ ಅಂದಳು ಎಂದು ಒಬ್ಬರ ಬಳಿಯೂ ಹೇಳಿರಲಿಲ್ಲ. ಅತ್ತೆಯನ್ನು ಈ ಹೆಸರು ಬಹಳ ನೋಯಿಸುತ್ತಿತ್ತು. ತರಕಾರಿ ಅಂಗಡಿಯಲ್ಲಿ ಅವರನ್ನು ಬೋಳನ ತಾಯಿ ಎಂದು ಗುರುತಿಸುತ್ತಿದ್ದರು.

ಹೋದ ವರ್ಷ ಶ್ರಾವಣದಲ್ಲಿ ಚಿದಂಬರ ತೀರಿಕೊಂಡರು. ನೀರು ಸರಬರಾಜು ಕಚೇರಿಯಲ್ಲಿ, ಮಧ್ಯಾಹ್ನ, ಮೇಜಿನ ಮೇಲೆ ತಲೆಯಿಟ್ಟವರು ಏಳಲಿಲ್ಲ. ಮೂವತ್ತೇಳು ವರ್ಷ. ಡಾಕ್ಟರು ಹೃದಯ ಅಂದರು. ಆಮೇಲಿನ ತಿಂಗಳುಗಳ ಬಗ್ಗೆ ನನಗೆ ಹೇಳುವುದು ಹೆಚ್ಚಿಲ್ಲ. ಅನ್ನ ಮಾಡುತ್ತಿದ್ದೆ. ಅತ್ತೆ ಊಟ ಮಾಡಿದರೆ ನಾನೂ ಮಾಡುತ್ತಿದ್ದೆ. ಕಾರು ಶೆಡ್ಡಿನಲ್ಲಿತ್ತು.

ಆ ವರ್ಷವೇ ಊರಿನ ರುಚಿ ತಿರುಗಿತು. ಅದು ಯಾರಿಂದ ಶುರುವಾಯಿತೋ ಗೊತ್ತಿಲ್ಲ. ರೆಕ್ಕೆ, ರೆಪ್ಪೆ, ಪಟ್ಟಿ ಎಲ್ಲ ಹಳ್ಳಿಗಾಡಿನ ಗದ್ದಲ, ಕಾರು ಹುಟ್ಟಿದ ಮೈಯಲ್ಲೇ ಚೆಂದ ಎಂದು ಎಲ್ಲರೂ ಹೇಳತೊಡಗಿದರು. ಬರಿಮೈ ಎಂಬ ಮಾತು ಬಂತು. ಆದರೆ ಬರಿಮೈ ಕಾರು ಯಾರ ಹತ್ತಿರವೂ ಇಲ್ಲ. ಹೊಸ ಕಾರು ಬಂದ ವಾರದಲ್ಲೇ ಎಲ್ಲರೂ ಏನಾದರೊಂದನ್ನು ಕೂರಿಸಿಬಿಟ್ಟಿದ್ದರು. ಕೆಲವರು ತಮ್ಮ ಕಾರಿಗೆ ಹೊದಿಕೆ ಹೊದಿಸಿ ಓಡಿಸಿದರು. ಮೂರನೇ ಸಂಜೆಗೆ ಹೊದಿಕೆಯೂ ಮೈಗೂಡಿತು. ಆಗ ಯಾರಿಗೋ ನಮ್ಮ ಶೆಡ್ಡು ನೆನಪಾಯಿತು.

ಒಂದು ಭಾನುವಾರ ಬೆಳಿಗ್ಗೆ ವರ್ತುಲ ರಸ್ತೆ ಸಂಘದ ಅಧ್ಯಕ್ಷರಾದ ಮಹಾಬಲಯ್ಯನವರು ಬಂದರು. ರಿಟೈರಾದ ಹೆಡ್‌ಮಾಸ್ಟರು. ಅವರ ಕಾರಿನ ಹೆಡ್‌ಲೈಟಿಗೆ ಮೂರಂಗುಲ ಉದ್ದದ ರೆಪ್ಪೆಗಳಿವೆ. ನಮ್ಮ ಬೀದಿಯ ತಿರುವಿನಲ್ಲೇ ನಿಲ್ಲಿಸಿ ನಡೆದು ಬಂದಿದ್ದರು. ಶೆಡ್ಡಿನ ಬಾಗಿಲು ತೆಗೆಸಿ, ಚಪ್ಪಲಿ ಬಿಟ್ಟು ಒಳಗೆ ಹೋದರು. ಕಾರಿಗೆ ಮೆಲ್ಲಗೆ ಒಂದು ಸುತ್ತು ಹಾಕಿದರು.

"ನಾವೆಲ್ಲ ಕುರುಡರು ತಾಯಿ" ಎಂದರು ಕೊನೆಗೆ. "ನಲವತ್ತು ವರ್ಷದಿಂದ ಊರೇ ಕುಣೀತಿದ್ದರೆ ಇವನೊಬ್ಬ ಸುಮ್ಮನೆ ಕೂತಿದ್ದ. ಬೋಳು ಅಂತ ನಕ್ಕವರಲ್ಲಿ ನಾನೇ ಮೊದಲನೆಯವನು."

"ನೀವೇ" ಎಂದರು ಅತ್ತೆ. "ನನ್ನ ಎದುರಿಗೇ ನಕ್ಕಿದ್ದೀರಿ. ರೇಷನ್ ಕ್ಯೂನಲ್ಲಿ."

"ತಪ್ಪಾಯಿತು ಪುಟ್ಟಗೌರಮ್ಮನವರೇ. ಅದಕ್ಕೇ ಬಂದಿದ್ದೀನಿ."

ವರ್ತುಲ ರಸ್ತೆ ಶುರುವಾಗುವ ಕಡೆ ಒಂದು ಮಂಟಪವಿದೆ. ಅಲ್ಲಿ ಕಲ್ಲಿನ ಪೀಠ ಕಟ್ಟಿಸಿ ಕಾರನ್ನು ಅದರ ಮೇಲೆ ಇಡುವುದು, ಚಕ್ರಗಳಿಗೆ ಕುಳಿ ತೋಡಿ ಹೊಟ್ಟೆ ಕಲ್ಲಿಗೆ ತಾಗುವ ಹಾಗೆ ಇಳಿಸುವುದು, ಮುಂದೆ ಚಿದಂಬರ ಅವರ ಹೆಸರನ್ನೂ ಇದು ಅವರ ಅಭಿರುಚಿ ಎಂಬುದನ್ನೂ ಕೆತ್ತಿಸುವುದು ಎಂದು ಸಂಘದವರು ತೀರ್ಮಾನಿಸಿದ್ದರು. ಮೂರನೇ ಸಂಜೆಗೆ ಕಾರು ಕಲ್ಲಿಗೂ ಮೈಗೂಡುತ್ತದೆ. ಆಮೇಲೆ ಯಾರೂ ಅದನ್ನು ಅಲುಗಿಸುವಂತಿಲ್ಲ. ಅದಕ್ಕೆ ಮೊದಲು ಮೆಕ್ಯಾನಿಕ್ ಒಬ್ಬರು ಪರೀಕ್ಷೆ ಮಾಡಿ, ಮೇಲೆ ಕೆಳಗೆ ಒಳಗೆ ಹೊರಗೆ ಏನೂ ಇಲ್ಲ ಎಂದು ಬರೆದುಕೊಡಬೇಕು. ಇದು ಯಜಮಾನರ ಸ್ವಂತ ಅಭಿರುಚಿ ಎಂದು ನಾನು ಸಹಿ ಹಾಕಬೇಕು.

ಅವರು ಹೋದ ಮೇಲೆ ಅತ್ತೆ ಅಡುಗೆಮನೆಗೆ ಬಂದರು. ಎಷ್ಟೋ ತಿಂಗಳ ಮೇಲೆ ತಲೆಗೆ ಎಣ್ಣೆ ಹಚ್ಚಿ ಬಾಚಿದ್ದರು.

"ನೋಡಿದೆಯಾ? ನನ್ನ ಮಗನಿಗೆ ಮೊದಲಿನಿಂದಲೂ ಗೊತ್ತಿತ್ತು. ಎಷ್ಟು ಜನ ಏನಂದರೂ ಒಂದು ಮೊಳೆ ಹೊಡೆಸಲಿಲ್ಲ ಅವನು."

ಅತ್ತೆಗೆ ಹನ್ನೊಂದು ಸಂಜೆಗಳೂ ಗೊತ್ತು. ಬಹಳಷ್ಟು ಸಲ ಬಾಗಿಲಲ್ಲಿ ನಿಂತು ನೋಡಿದ್ದರು. ಮರೆತಿದ್ದರೋ, ಮರೆತಂತೆ ಇದ್ದರೋ ನಾನು ಕೇಳಲಿಲ್ಲ. "ಹೌದು ಅತ್ತೆ" ಅಂದೆ.

ಬುಧವಾರ ಪರೀಕ್ಷೆಗೆ ಚೌರಪ್ಪ ಬಂದರು. ಚಿದಂಬರ ಕಾರನ್ನು ಬೇರೆ ಯಾರ ಕೈಗೂ ಕೊಟ್ಟವರಲ್ಲ. ಮೊದಲಿನಿಂದ ಎಲ್ಲ ರಿಪೇರಿ ಚೌರಪ್ಪನ ಗ್ಯಾರೇಜಿನಲ್ಲೇ. ಅರವತ್ತರ ಹತ್ತಿರದ ಮನುಷ್ಯ. ಬಾನೆಟ್ ಎತ್ತಿದರು, ಇಳಿಸಿದರು. ಡಿಕ್ಕಿ ತೆಗೆದರು, ಮುಚ್ಚಿದರು. ಫಾರಂ ಕೈಗೆತ್ತಿಕೊಂಡರು. ಅತ್ತೆ ಕಾಫಿ ಕೊಟ್ಟು ಒಳಗೆ ಹೋಗುವವರೆಗೆ ಕಾದು ನನ್ನ ಹತ್ತಿರ ಬಂದರು.

"ಅಮ್ಮಾವ್ರೆ, ನಾನು ಏನೂ ಇಲ್ಲ ಅಂತ ಬರ್ದುಬುಡ್ತೀನಿ. ಅದಕ್ಕೇನೂ ಇಲ್ಲ. ಆದ್ರೆ ನಿಮಗೆ ಹೇಳ್ದೆ ಬರೆಯಕ್ಕೆ ಮನಸ್ಸು ಬರ್ತಿಲ್ಲ."

"ಏನು ಹೇಳಿ."

"ಅಡೀಲಿ ಐತೆ."

ಗ್ಯಾರೇಜಿನಿಂದ ಗಾಲಿಹಲಗೆ ತಂದಿದ್ದರು. ಜಾಕಿ ಹಾಕಿ ಕಾರಿನ ಒಂದು ಮಗ್ಗುಲನ್ನು ಮೊಳದಷ್ಟು ಎತ್ತಿದರು. ನಾನು ಸೀರೆಯ ನೆರಿಗೆ ಕಾಲಿನ ನಡುವೆ ಒತ್ತಿಕೊಂಡು ಹಲಗೆಯ ಮೇಲೆ ಅಂಗಾತ ಮಲಗಿದೆ. ಚೌರಪ್ಪ ಕೈಗೆ ಟಾರ್ಚು ಕೊಟ್ಟು ಹಲಗೆಯನ್ನು ಮೆಲ್ಲಗೆ ಒಳಕ್ಕೆ ತಳ್ಳಿದರು.

ಮೊದಲು ಕಂಡದ್ದು ಕಿತ್ತಳೆ. ಆ ಎರಡು ಪಟ್ಟಿಗಳು ಹೊಟ್ಟೆಯ ಈ ತುದಿಯಿಂದ ಆ ತುದಿಯವರೆಗೆ ಓಡಿದ್ದವು. ಸೈಲೆನ್ಸರ್ ಪೈಪಿಗೆ ಮೀನಿನ ಹುರುಪೆಯಂಥ ಬೆಳ್ಳಿ ತಗಡು. ಗೇರ್‌ಬಾಕ್ಸಿನ ಎರಡು ಪಕ್ಕಕ್ಕೆ ಎರಡು ಗುಂಡು ದೀಪ. ಅವುಗಳ ಮೇಲೆ ಉಗುರಿನಷ್ಟು ರೆಪ್ಪೆ. ಮೂಗಿನ ಹೊಳ್ಳೆ ಇತ್ತು. ಹಿಂದೆ, ಡಿಕ್ಕಿಯ ಅಡಿಗೆ, ಒಂದು ರೆಕ್ಕೆ ಇತ್ತು. ನನ್ನ ಅಂಗೈಯಷ್ಟು ಉದ್ದ. ಕೆಳಗೆ ಮಲಗಿ ನೋಡುವವರಿಗೆ ನೆಟ್ಟಗೆ ಕಾಣಲೆಂದು ತಲೆಕೆಳಗಾಗಿ ಕೂರಿಸಿದ್ದರು. ಎಣಿಸಿದೆ. ನಾನು ಬೇಡ ಅಂದಿದ್ದ ಹನ್ನೊಂದೂ ಇದ್ದವು. ಎಲ್ಲ ಮೈಗೂಡಿದ್ದವು, ಎಲ್ಲಿ ಕಾರು ಮುಗಿದು ಎಲ್ಲಿ ಅವು ಶುರುವಾಗುತ್ತವೆ ಎಂದು ಹೇಳುವಂತಿರಲಿಲ್ಲ. ಎಲ್ಲವೂ ಕೆಟ್ಟದಾಗಿದ್ದವು. ಟಾರ್ಚಿನ ಬೆಳಕಿನಲ್ಲಿ ಅಂಥ ಹೊತ್ತಿನಲ್ಲೂ ನನಗೆ ಹಾಗೇ ಅನ್ನಿಸಿತು.

ಹನ್ನೆರಡನೆಯದೂ ಒಂದಿತ್ತು. ಅದನ್ನು ನಾನು ಎಂದೂ ನೋಡಿರಲಿಲ್ಲ. ನಲ್ಲಿಯೊಳಗೆ ಹಾಕುವ ಹಿತ್ತಾಳೆಯ ವಾಷರುಗಳು. ಅವರ ಕಚೇರಿಯಲ್ಲಿ ಸವೆದು ಬಿಸಾಡಿದವು ಇರಬೇಕು. ಉಜ್ಜಿ ಹೊಳಪು ತರಿಸಿ, ದೊಡ್ಡದರಿಂದ ಚಿಕ್ಕದಕ್ಕೆ, ಬಾಗಿಲಿನ ಅಡಿಯಿಂದ ಹಿಂಚಕ್ರದವರೆಗೆ ಸಾಲಾಗಿ ಕೂರಿಸಿದ್ದರು. ಸಾಲು ಒಂದು ಕಡೆ ನಿಧಾನವಾಗಿ ಬಾಗಿ, ಮತ್ತೆ ನೆಟ್ಟಗಾಗಿ, ಕೊನೆಯಲ್ಲಿ ಮೂರು ಸಣ್ಣ ಉಂಗುರಗಳು ದೂರದೂರ ನಿಂತಿದ್ದವು. ಅದು ಯಾವ ಕಾಲದ ಫ್ಯಾಷನ್ನೂ ಅಲ್ಲ. ಊರಿನಲ್ಲಿ ಯಾರ ಕಾರಿನಲ್ಲೂ ಅಂಥದ್ದಿಲ್ಲ. ಆ ಮೂರರ ನಡುವೆ ಬಿಟ್ಟಿದ್ದ ಜಾಗವನ್ನು ನೋಡುತ್ತ ಮಲಗಿದ್ದೆ. ಅಷ್ಟೇ ಜಾಗ ಬಿಡಬೇಕು ಎಂದು ಅವರಿಗೆ ಹೇಗೆ ಗೊತ್ತಾಯಿತೋ.

"ಇದು ಯಾರು ಹೇಳಿಕೊಟ್ಟಿದ್ದು?" ಅಡಿಯಿಂದಲೇ ಕೇಳಿದೆ.

"ಯಾವ್ದು? ಉಂಗ್ರಾನಾ? ಅದು ಅವ್ರೇ ಮಾಡ್ಕಂಡಿದ್ದು. ಕೊನೇಗೆ ಮಾಡಿದ್ದು. ಏನ್ ಸಾ ಇದು ಅಂತ ಕೇಳ್ದೆ. ಸುಮ್ನೆ ಚೌರಪ್ಪ, ಅಂದ್ರು."

"ಮೂರನೇ ಸಂಜೆ?"

ಚೌರಪ್ಪನ ಚಪ್ಪಲಿಗಳು ಮಾತ್ರ ನನಗೆ ಕಾಣುತ್ತಿದ್ದವು.

"ಮೂರ್ನೇ ಸಂಜೆ ನನ್ನ ಗ್ಯಾರೇಜಿನ ಪಿಟ್ ಒಳಗೆ, ಕಾರಿನ ಅಡಿ ಗುಂಡೀಲಿ, ಇಳ್ದು ನಿಂತ್ಕಳೋರು. ಕತ್ತು ಎತ್ಕಂಡು ನೋಡೋರು. ನೀನು ಹೇಳಪ್ಪ ಹೆಂಗೈತೆ ಅಂತ ನನ್ನ ಕೇಳೋರು. ಚೆನ್ನಾಗೈತೆ ಸಾ ಅನ್ನೋನು ನಾನು. ಅಷ್ಟೇ."

"ಚೆನ್ನಾಗಿತ್ತಾ?"

"ಎಲ್ಲಿ ಚೆನ್ನಾಗಿತ್ತು ತಾಯಿ? ಮೂಗಿನ ಹೊಳ್ಳೆ ನೋಡಿದ್ರೆ ನನಗೇ ನಗು ಬರೋದು. ಆದ್ರೆ ಸ್ಪ್ಯಾನರ್ ಹಿಡ್ಕಂಡು ಹಂಗೆ ಮುಖ ನೋಡ್ತಾ ನಿಂತ್ರೆ ಬೇಡ ಅನ್ನಕ್ಕೆ ಬಾಯಿ ಬರ್ಬೇಕಲ್ಲ."

ನನಗೆ ಬಂದಿತ್ತು. ಹನ್ನೊಂದು ಸಲ.

ಹೊರಗೆ ಬಂದು ಕೂತೆ. ಕೂದಲಿಗೆ ಗ್ರೀಸು ಮೆತ್ತಿತ್ತು. ಆ ಹನ್ನೊಂದನ್ನು ಈಗ ಕೇಳಿದರೂ ನಾನು ಬೇಡವೆಂದೇ ಹೇಳುತ್ತಿದ್ದೆ. ಈ ವಿಷಯದಲ್ಲಿ ನನಗೆ ನಾನೇ ಮೋಸ ಮಾಡಿಕೊಳ್ಳಲಾರೆ. ಆದರೆ ಉಂಗುರಗಳಿಗೆ ಹೂಂ ಅನ್ನುತ್ತಿದ್ದೆ. ತಕ್ಷಣ ಅನ್ನುತ್ತಿದ್ದೆ. ಬೀದಿಯವರನ್ನೆಲ್ಲ ಕರೆದು ತೋರಿಸುತ್ತಿದ್ದೆ. ಅಷ್ಟರಲ್ಲಿ ಅವರು ನನ್ನನ್ನು ಕೇಳುವುದು ಬಿಟ್ಟಿದ್ದರು.

"ಬರೀಲಾ?" ಎಂದರು ಚೌರಪ್ಪ, ಫಾರಂ ತೋರಿಸಿ.

ಒಳಗಿನಿಂದ ಅತ್ತೆಯ ದನಿ ಕೇಳಿತು. ಪಕ್ಕದ ಮನೆಯವರಿಗೆ ಕಾಂಪೌಂಡಿನ ಮೇಲಿಂದ ಹೇಳುತ್ತಿದ್ದರು: "ಕಲ್ಲಿನಲ್ಲಿ ಹೆಸರು ಕೆತ್ತುತ್ತಾರಂತೆ ಕಣೇ. ಅಂಗೈ ಅಗಲದ 'ಚಿ'ಯಂತೆ. ಇನ್ನು ಯಾರಾದರೂ ಬೋಳ ಅನ್ನಲಿ ನೋಡೋಣ."

ನಿಜ ಹೇಳಿದರೆ ಮಂಟಪವೂ ಇಲ್ಲ, ಹೆಸರೂ ಇಲ್ಲ. ಕಾರನ್ನು ಎತ್ತಿ ಎಲ್ಲರೂ ಅಡಿಯನ್ನು ನೋಡುತ್ತಾರೆ, ನಗುತ್ತಾರೆ. ಬೋಳ ಅನ್ನುತ್ತಿದ್ದವರು ಕಳ್ಳಬೋಳ ಅನ್ನುತ್ತಾರೆ. ಹೇಳದಿದ್ದರೆ ಅವರ ಹೆಸರಿನಲ್ಲಿ ನನ್ನ ಅಭಿರುಚಿ ನಿಂತಿರುತ್ತದೆ, ಅವರದು ಕಲ್ಲಿನ ಅಡಿಗೆ ಹೋಗುತ್ತದೆ. ಒಬ್ಬರೂ ನೋಡದ ಆ ಉಂಗುರಗಳೂ ಹೋಗುತ್ತವೆ.

"ಬರೆಯಿರಿ" ಅಂದೆ.

ಗುರುವಾರ ಸಂಘದವರು ಬಂದರು. ಮಹಾಬಲಯ್ಯನವರು ಕಾಗದ ಓದಿದರು. "ಇದು ನಿಮ್ಮ ಯಜಮಾನರ ಸ್ವಂತ ಅಭಿರುಚಿ ತಾನೇ ತಾಯಿ?" ಎಂದು ಪದ್ಧತಿಯಂತೆ ಕೇಳಿದರು. ಅತ್ತೆ ನನ್ನ ಮುಖ ನೋಡುತ್ತಿದ್ದರು. ಹೌದು ಅಂದು ಸಹಿ ಹಾಕಿದೆ. ಶುಕ್ರವಾರ ಬೆಳಿಗ್ಗೆ ಮಂಟಪದಲ್ಲಿ ಚೌರಪ್ಪನೇ ಮೂರು ಕಂಬ ನೆಟ್ಟು ಚೈನ್ ಕಪ್ಪಿ ಕಟ್ಟಿ ಕಾರನ್ನು ಎತ್ತಿದರು. ಕೆಳಗೆ ಕಾಣದಂತೆ ಸುತ್ತ ಟಾರ್ಪಾಲು ಕಟ್ಟಿಸಿದ್ದರು. ಧೂಳು ಬೀಳಬಾರದು ಎಂದು ಕಾರಣ ಹೇಳಿದರು. ಇಳಿಸುವ ಮೊದಲು ನನ್ನ ಪಕ್ಕಕ್ಕೆ ಬಂದು, "ಕಲ್ಲಿನ ಮಧ್ಯೆ ನಾಕು ಬೆರಳು ತಗ್ಗು ಮಾಡ್ಸಿದೀನಿ. ಅಂಚು ಮಾತ್ರ ತಾಗ್ತದೆ. ರೆಕ್ಕೆ ಮುರಿಯಲ್ಲ" ಎಂದು ಪಿಸುಗುಟ್ಟಿದರು.

ಶನಿವಾರ ನಾನು ಮಂಟಪಕ್ಕೆ ಹೋಗಲಿಲ್ಲ. ಮನೆಯಲ್ಲಿ ಅವರ ಬಟ್ಟೆಗಳನ್ನು ಮಡಿಸಿದೆ, ಮತ್ತೆ ಬಿಚ್ಚಿ ಮಡಿಸಿದೆ. ಒಂದು ಪ್ಯಾಂಟಿನ ಜೇಬಿನಲ್ಲಿ ಒಂದು ವಾಷರ್ ಸಿಕ್ಕಿತು. ಸಾಲಿಗೆ ಹೊಂದದೆ ಬಿಟ್ಟದ್ದಿರಬೇಕು. ಅಂಚು ಸ್ವಲ್ಪ ಸೊಟ್ಟಗಿತ್ತು. ಎಷ್ಟನ್ನು ಉಜ್ಜಿ, ಎಷ್ಟನ್ನು ಬೇಡವೆಂದು ಬಿಟ್ಟಿದ್ದರೋ. ಅವರೂ ಬೇಡ ಅನ್ನಬಲ್ಲವರಾಗಿದ್ದರು ಎಂದು ನನಗೆ ಅವತ್ತಿನವರೆಗೆ ಹೊಳೆದಿರಲಿಲ್ಲ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ತೀರ್ಮಾನ ಮಾಡಿದೆ. ಕಾರನ್ನು ಎತ್ತಿಸಬೇಕು. ಎಲ್ಲರೂ ನೋಡಲಿ. ನಗುವವರು ನಗಲಿ, ಆ ಸಾಲನ್ನು ನೋಡಿದ ಮೇಲೆ ಒಬ್ಬರಾದರೂ ನಗು ನಿಲ್ಲಿಸುತ್ತಾರೆ.

ನಾನು ಮಂಟಪ ಸೇರುವಾಗ ಹೊತ್ತು ಇನ್ನೂ ಎರಡು ಮಾರು ಮೇಲಿತ್ತು. ಜನ ಬಹಳ ಸೇರಿದ್ದರು. ಅತ್ತೆ ಕಲ್ಲುಬೆಂಚಿನ ಮೇಲೆ ಹೊಸ ಸೀರೆಯುಟ್ಟು ಕೂತಿದ್ದರು. ತರಕಾರಿ ಅಂಗಡಿಯವಳು ಬಂದು ಅವರ ಕೈ ಹಿಡಿದು, "ಚಿದಂಬರಪ್ಪನ ತಾಯಿ ಅಂತ ನಾನು ಎಲ್ರಿಗೂ ಹೇಳ್ತೀನಿ ಕಣಮ್ಮ" ಅಂದಳು. ಅತ್ತೆ ಅವಳಿಗೆ ಪಕ್ಕದಲ್ಲಿ ಜಾಗ ಕೊಟ್ಟರು. ಚೌರಪ್ಪ ಕಂಬ, ಕಪ್ಪಿ ಇನ್ನೂ ಬಿಚ್ಚಿರಲಿಲ್ಲ. ಸರಪಳಿಗೆ ಎಣ್ಣೆ ಹಾಕುವವರಂತೆ ನಿಂತಿದ್ದರು. ನಾನು ಹತ್ತಿರ ಹೋದಾಗ ತಲೆಯೆತ್ತದೆ ಕೇಳಿದರು.

"ಎತ್ಲಾ ಅಮ್ಮಾವ್ರೆ? ಕೊಕ್ಕೆ ಹಾಕೇ ಇಟ್ಟಿದೀನಿ. ಹೂಂ ಅಂದ್ರೆ ಐದು ನಿಮಿಷ."

ನಾನು ಏನೂ ಅನ್ನಲಿಲ್ಲ. ಅವರು ಮತ್ತೆ ಎರಡು ಸಲ ಕೇಳಿದರು. ಆಮೇಲೆ ಆಕಾಶ ನೋಡಿದರು, ಕಾರಿನ ಅಂಚಿಗೆ ಅಂಗೈ ಒತ್ತಿ ತಳ್ಳಿದರು, ಅದು ಅಲುಗದ್ದನ್ನು ಕಂಡು ಕೊಕ್ಕೆ ಬಿಚ್ಚಿ ಸರಪಳಿ ಸುತ್ತತೊಡಗಿದರು.

ಮರುದಿನ ಗ್ಯಾರೇಜಿಗೆ ಹೋಗಿ, ಅತ್ತೆಯ ಮುಖ ನೋಡಿ ಸುಮ್ಮನಾದೆ ಎಂದು ಅವರಿಗೆ ಹೇಳಿದೆ. "ಒಳ್ಳೇದೇ ಮಾಡಿದ್ರಿ ಬುಡಿ, ವಯಸ್ಸಾದ ಜೀವ" ಎಂದು ಅವರು ನನ್ನನ್ನು ಸಮಾಧಾನ ಮಾಡಿದರು.

ಆದರೆ ಆ ಹೊತ್ತಿನಲ್ಲಿ ನಾನು ಅತ್ತೆಯ ಕಡೆ ನೋಡುತ್ತಿರಲಿಲ್ಲ. ಹೂಂ ಅನ್ನಲು ಬಾಯಿ ತೆರೆದಿದ್ದೆ. ಬಿಸಿಲು ಕಂಬಗಳ ನಡುವಿನಿಂದ ಓರೆಯಾಗಿ ಬಂದು ಕಾರಿನ ಮೇಲೆ ಬಿತ್ತು. ಬೂದು ಕಲ್ಲಿನ ಮೇಲೆ ಅಷ್ಟು ಕೆಂಪಗೆ, ತಗ್ಗಾಗಿ, ಏನೂ ಇಲ್ಲದೆ ಅದು ಕೂತಿತ್ತು. ಬಹಳ ಚೆನ್ನಾಗಿತ್ತು. ನೋಡುತ್ತ ನಿಂತುಬಿಟ್ಟೆ.